ಹಾಲಿನ ಕೋಣೆ, ಒಳಗಿನಿಂದ

ಆ ಚಿತ್ರದ ಮುಂದೆ ನಿಂತ ಗಂಡಸರು ಯಾರೂ ಮಾತಾಡುತ್ತಿರಲಿಲ್ಲ. ನನ್ನ ಗಮನಕ್ಕೆ ಮೊದಲು ಬಂದದ್ದು ಅದೇ.

ಉಳಿದಂತೆ ಚಿತ್ರ ಪ್ರದರ್ಶನವಿದ್ದ ಉದಕಮಂಡಲದ ಆ ಸಭಾಂಗಣದಲ್ಲಿ ಗಲಾಟೆಯೋ ಗಲಾಟೆ. ನಮ್ಮ ಹಟ್ಟಿಯ ಟೀಚರ್ ಸುಗನ್ಯಾ ಅಕ್ಕ ಒಂದು ವರ್ಷದಿಂದ ಭಾನುವಾರಗಳಲ್ಲಿ ಜನರನ್ನು ಕೂರಿಸಿ ಚಿತ್ರ ಬರೆಸುತ್ತಿದ್ದಳು. ನಮ್ಮಂಥ ಸಣ್ಣ ಟೀ ತೋಟದವರು, ದೇವಾಲದ ಎಸ್ಟೇಟ್ ಲೈನ್ ಮನೆಗಳವರು, ಎಲ್ಲ ಸೇರಿದ್ದರು. ಎಲ್ಲರಿಗೂ ಕೊಟ್ಟ ವಿಷಯ ಒಂದೇ: ಮನೆಯ ಒಳಗೆ ನೀವು ಒಬ್ಬರೇ ಇದ್ದ ಒಂದು ಜಾಗ. ಕೆಳಗೆ ಹೆಸರು ಹಾಕುವಂತಿಲ್ಲ, ನೋಡಿದವರೇ ಊಹಿಸಬೇಕು.

"ಈ ಅಡುಗೆಮನೆ ರಾಜೇಂದ್ರನ್ ಹೆಂಡ್ತೀದು. ಪಾತ್ರೆ ತೊಳೆದಿಲ್ಲ ನೋಡು!"

"ನಿನ್ನ ಮನೇಲಿ ತೊಳೆಯೋದು ನಿನ್ನ ಅತ್ತೆ, ಬಾಯಿ ಮುಚ್ಚು."

ನಗು ನನ್ನ ಬೆನ್ನ ಹಿಂದೆ ಉಳಿಯಿತು. ನಾನೂ ಆ ಚಿತ್ರದ ಮುಂದೆ ಹೋಗಿ ನಿಂತೆ.

ನಮ್ಮ ಹಳೆಯ ಮನೆಗಳಲ್ಲಿ ಒಳಮನೆಯ ಮೂಲೆಗೆ ಗಿಡ್ಡ ಬಾಗಿಲಿನ ಒಂದು ಕೋಣೆ ಇರುತ್ತದೆ. ಹಾಗೊಟ್ಟು ಎನ್ನುತ್ತೇವೆ. ಕರೆದ ಹಾಲು ಇಡುವ ಕೋಣೆ. ಅದರ ಹೊಸಿಲು ದಾಟುವವರು ಗಂಡಸರು ಮಾತ್ರ. ಹೆಂಗಸರು ಹಾಲು ಬೇಕಾದರೆ ಹೊರಗೆ ನಿಂತು ಕೇಳುತ್ತಾರೆ. ಈಗ ಹಟ್ಟಿಯಲ್ಲಿ ಎಮ್ಮೆಗಳೇ ಇಲ್ಲ, ಹಾಲು ಪ್ಯಾಕೆಟ್‌ನಲ್ಲಿ ಬರುತ್ತದೆ. ಆದರೂ ನಮ್ಮ ಮನೆಯ ಆ ಬಾಗಿಲನ್ನು ನನ್ನ ದೊಡ್ಡಪ್ಪ ನಂಜುಂಡನ್ ಸ್ನಾನ ಮಾಡದೆ ಮುಟ್ಟುವುದಿಲ್ಲ.

ಚಿತ್ರದಲ್ಲಿ ಇದ್ದದ್ದು ನಮ್ಮ ಮನೆಯ ಹಾಗೊಟ್ಟು. ಒಂದು ಕಡೆ ವಾಲಿದ ಹಲಗೆ, ಬಾಯಿ ಒಡೆದ ಗಡಿಗೆ, ಗೋಡೆಯ ಗೂಟ. ಹುಡುಗನಾಗಿದ್ದಾಗ ನಾನು ಅಲ್ಲಿಗೆ ಹೋಗಿ ಬಂದವನು. ತಪ್ಪಿಲ್ಲದಂತೆ ಎಲ್ಲವೂ ಇತ್ತು. ಆದರೆ ಬಾಗಿಲು ಮುಚ್ಚಿತ್ತು. ಸುತ್ತ ಇದ್ದಿಲಿನ ಕಪ್ಪು, ಹಲಗೆಗಳ ಸಂದಿನಲ್ಲಿ ಬೆಳಕಿನ ಸಣ್ಣ ಗೆರೆಗಳು. ನೆಲದ ಮೇಲೆ ಕೂತು ತಲೆಯೆತ್ತಿ ನೋಡಿದರೆ ಹೇಗೋ ಹಾಗೆ.

ಗಂಡಸರು ಒಳಗಿದ್ದಾಗ ಆ ಬಾಗಿಲು ಹಾಕುವುದಿಲ್ಲ. ಕಿಟಕಿಯಿಲ್ಲದ ಕೋಣೆ, ಹಾಕಿದರೆ ಕೈಯೇ ಕಾಣದು. ಇದನ್ನು ಬರೆದವರು ಒಳಗೆ ಕೂತು ಬಾಗಿಲು ಹಾಕಿಕೊಂಡಿದ್ದರು.

"ನೀನಾ ಬರೆದದ್ದು, ಗಣೇಶ?" ದೊಡ್ಡಪ್ಪ ಪಕ್ಕಕ್ಕೆ ಬಂದು ಕೇಳಿದ. ದನಿಯಲ್ಲಿ ಇನ್ನೂ ಹೆಮ್ಮೆಯೇ ಇತ್ತು.

"ನಾನಲ್ಲ ದೊಡ್ಡಪ್ಪ."

"ಮತ್ತೆ ಯಾರು? ನಿಮ್ಮಪ್ಪನಿಗೆ ಒಂದು ಗೆರೆ ಎಳೆಯಕ್ಕೆ ಬರೋದಿಲ್ಲೆ."

"ನಾ ಬರೆದೆ," ಎಂದಳು ನನ್ನ ಅವ್ವೆ.

ಅವಳು ನಮ್ಮ ಹಿಂದೆಯೇ ನಿಂತಿದ್ದಳು. ಮೈಗೆ ಬಿಳಿ ಮುಂಡಿನ ಬಟ್ಟೆ ಹೊದ್ದು, ತಲೆಯ ಬಟ್ಟೆ ಬಿಗಿದು, ಕೈ ಕಟ್ಟಿಕೊಂಡು. ಭಾನುವಾರ ಹೊತ್ತು ಕಳೆಯಲು ಸುಗನ್ಯಾ ಅಕ್ಕನ ಮನೆಗೆ ಹೋಗುತ್ತಾಳೆಂದೇ ನಾವು ತಿಳಿದಿದ್ದೆವು. ಹೂವೋ ಕೋಳಿಯೋ ಬರೆಯುತ್ತಿರಬಹುದು ಎಂದುಕೊಂಡಿದ್ದೆ.

ನಮ್ಮ ಹಟ್ಟಿಯವರೆಲ್ಲ ತಿರುಗಿ ನೋಡಿದರು.

"ನೀ ಒಳಗೆ ಹೋಗಿದ್ದೆಯಾ?" ಎಂದ ದೊಡ್ಡಪ್ಪ.

"ಹೋಗಿದ್ದೆ. ಮಗು ಹೋದ ಮೇಲೆ."

"ಯಾವ ಮಗು?" ಎಂದೆ ನಾನು.

ಅವ್ವೆ ನನ್ನನ್ನು ನೋಡಿದಳು. "ನಿನ್ನ ಅಕ್ಕ. ನೀ ಹುಟ್ಟೋ ಮೊದಲು. ಜ್ವರ ಬಂತು, ಹೋದಳು. ಮನೇಲಿ ಆಗ ನಿನ್ನ ದೊಡ್ಡಪ್ಪನ ಮದುವೆ ಕೆಲಸ, ತಡವಾಗಿ ಕೂಡಿ ಬಂದದ್ದು. ಮದುವೆ ಮನೇಲಿ ಅಳಬಾರದು ಅಂದ್ರು. ಎಲ್ಲಿ ಕೂತರೂ ಯಾರಾದರೂ ಇದ್ದರು. ಅಲ್ಲಿ ಮಾತ್ರ ನನ್ನ ಯಾರೂ ಹುಡುಕೋದಿಲ್ಲೆ ಅಂತ ಗೊತ್ತಿತ್ತು. ಹೋಗಿ ಬಾಗಿಲು ಹಾಕಿಕೊಂಡೆ."

ನನಗೊಬ್ಬ ಅಕ್ಕ ಇದ್ದಳು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಉಂಡವರು ಯಾರೂ ಅದನ್ನು ಹೇಳಿರಲಿಲ್ಲ.

ದೊಡ್ಡಪ್ಪ ಸುಗನ್ಯಾ ಅಕ್ಕನ ಕಡೆ ತಿರುಗಿದ. "ಇಳಿಸು ಇದನ್ನ. ನಾಳೆ ಹಟ್ಟಿಯಲ್ಲಿ ನಾಕು ಜನ ಸೇರಿ ಕೇಳ್ತಾರೆ. ಆಗ ಇವಳನ್ನ ಯಾರ ಮನೆ ಒಲೆ ಹತ್ತಿರ ಸೇರಿಸ್ತಾರೆ? ಹೇಳು!"

"ಇಳಿಸಬೇಡ ಸುಗನ್ಯಾ," ಎಂದಳು ಅವ್ವೆ.

ಸುಗನ್ಯಾ ಅಕ್ಕ ಚಿತ್ರದ ಚೌಕಟ್ಟಿನ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡುತ್ತ ನಿಂತಳು.

ಆಗ ಅಪ್ಪ ಮುಂದೆ ಬಂದ. ನನ್ನ ಅಪ್ಪ, ಹೆಸರು ಲಿಂಗ, ಸಭೆಗಳಲ್ಲಿ ಬಾಗಿಲ ಬಳಿ ನಿಲ್ಲುವ ಮನುಷ್ಯ, ಅಣ್ಣನ ಮುಂದೆ ದನಿ ಎತ್ತಿದ್ದನ್ನು ನಾನು ಕಂಡಿಲ್ಲ.

"ಇರಲಿ ಬಿಡಣ್ಣ. ಕೇಳುವವರು ನನ್ನ ಕೇಳಲಿ. ನನಗೆ ಆಗಲೇ ಗೊತ್ತಿತ್ತು."

"ಏನು ಗೊತ್ತಿತ್ತು?"

"ಹಾಲು ಇಡಕ್ಕೆ ಹೋದೆ. ಬಾಗಿಲು ಮುಚ್ಚಿತ್ತು, ಒಳಗೆ ಅಳು ಕೇಳ್ತು. ಪಾತ್ರೆ ಹಿಡಿದು ಹೊರಗೇ ನಿಂತೆ. ನೀ ಬಂದಾಗ ಕೆಮ್ಮಿ, ಎಮ್ಮೆ ಕಟ್ಟಬೇಕು ಬಾ ಅಂತ ಆಚೆ ಕರ್ಕೊಂಡು ಹೋದೆ. ಒಂದು ದಿನ ಅಲ್ಲ. ಮದುವೆ ಮುಗಿಯೋವರೆಗೂ ಕಾದೆ. ತಪ್ಪಿದ್ದರೆ ನನ್ನದೂ ಇದೆ."

ಹಿಂದೆ ಯಾರೋ ಹೆಂಗಸು ಮೂಗು ಒರೆಸಿಕೊಂಡಳು. ಸುಗನ್ಯಾ ಅಕ್ಕ ಚೌಕಟ್ಟಿನಿಂದ ಕೈ ತೆಗೆದಳು. ಚಿತ್ರ ಗೋಡೆಯ ಮೇಲೇ ಉಳಿಯಿತು. ಎಷ್ಟು ವರ್ಷ ಈ ಮನುಷ್ಯ ಇದನ್ನು ಒಬ್ಬನೇ ಹೊತ್ತಿದ್ದ ಎಂದುಕೊಂಡು ಅವ್ವೆಯ ಕಡೆ ನೋಡಿದೆ.

ದೊಡ್ಡಪ್ಪ ಏನಂದರೂ ಅಲುಗದೆ ನಿಂತಿದ್ದವಳು ಈಗ ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನೀ ಹೊರಗೆ ಇದ್ದೆಯಾ?"

"ಇದ್ದೆ."

"ಕೇಳ್ತಿತ್ತಾ ನಿನಗೆ?"

"ಕೇಳ್ತಿತ್ತು. ಯಾರೂ ಬರದ ಹಾಗೆ ನೋಡ್ಕೊಂಡೆ ಮಹಾಲಿಂಗಮ್ಮ."

"ನನ್ನ ಅಳು ಯಾರಿಗೂ ಕೇಳೋದಿಲ್ಲೆ ಅಂತ ಇದ್ದೆ ನಾ," ಎಂದಳು. ಅಪ್ಪನ ಮುಖವನ್ನೇ ನೋಡಿದಳು, ಗುರುತಿಲ್ಲದವನನ್ನು ನೋಡುವ ಹಾಗೆ. "ಅವಳು ನಿನ್ನ ಮಗಳೂ ಅಲ್ಲವಾ?"

"ನನ್ನ ಮಗಳೇ," ಎಂದ ಅಪ್ಪ.

"ಹೊಸಿಲು ದಾಟಬಾರದವಳು ನಾನು. ನಿನಗೆ ಒಳಗೆ ಬರಕ್ಕೆ ಯಾವ ತಡೆ ಇತ್ತು?"