ಕೇಕಿನ ಮೇಲಿನ ಚಮಕಿ

ಲೋಟದ ನೀರಿಗೆ ಹಾಕಿದ ಚಿನ್ನದ ಬಣ್ಣದ ಪುಡಿ ಕರಗಲೇ ಇಲ್ಲ. ಸುಮಿತ್ರಾ ಬೆರಳಲ್ಲಿ ಹೊಸಕಿದಳು. ಸಣ್ಣ ಮರಳಿನಂತೆ ಚುಚ್ಚಿತು. ಮಹಡಿ ಮೇಲಿನ ವಸಂತಿಯವರ ಮೊಮ್ಮಗಳ ಹುಟ್ಟುಹಬ್ಬದ ಕೇಕು ಅದೇ ಪುಡಿ ಹೊದ್ದು ಮೇಜಿನ ಮೇಲೆ ಹೊಳೆಯುತ್ತಿತ್ತು.

ದಿಲ್ಲಿಗೆ ಬಂದ ಮೇಲೆ ಬರ್ಫಿಯ ಮೇಲಿನ ಬೆಳ್ಳಿ ವರಕು ತಿನ್ನುವುದು ರೂಢಿಯಾಗಿತ್ತು. ಸದರ್ ಬಜಾರಿನಲ್ಲಿ ಕೇಕಿನ ಅಚ್ಚುಗಳ ಪಕ್ಕದಲ್ಲೇ ಈ ಡಬ್ಬಿ ಕಂಡಾಗ, ಇದೂ ವರಕಿನ ಜಾತಿಯದೇ ಎಂದು ಕೊಂಡಿದ್ದಳು. ಇವತ್ತು ಮಗಳು ಹಂಸಿನಿ ಚಮಚ ನೆಕ್ಕಿ, ಎಷ್ಟು ಬಾಯಿ ಮುಕ್ಕಳಿಸಿದರೂ ಹೊಳಪು ಹೋಗದೆ, "ಅಮ್ಮಾ, ಯೇ ನಿಕಲ್ ಹೀ ನಹೀ ರಹಾ" ಎಂದು ಹಲ್ಲು ತೋರಿಸಿದ್ದಳು.

ಗಂಡ ತಿಪ್ಪೇಸ್ವಾಮಿ ಡಬ್ಬಿ ಓದಿದ. "ಅಲಂಕಾರಕ್ಕೆ ಅಂತ ಬರೆದಿದೆ. ನಾನ್-ಟಾಕ್ಸಿಕ್ ಅಂತಾನೂ ಇದೆ. ವಿಷ ಅಲ್ಲ ಕಣೇ."

"ಸಗಣೀನೂ ವಿಷ ಅಲ್ಲ. ತಿಂತೀರಾ?"

"ಹೋದ ತಿಂಗಳು ಜಗನ್ನಾಥರ ಮನೇಲಿ ಇದೇ ಪುಡಿ ಹಾಕಿದ ಕೇಕು ಎಲ್ಲ ತಿಂದ್ರಲ್ಲ, ಯಾರಿಗೇನಾಯ್ತು?"

"ಏನಾಯ್ತೋ ಬಿಡ್ತೋ, ನನಗ್ಯಾರು ಬಂದು ಹೇಳ್ತಾರೆ?"

ಲೋಧಿ ಕಾಲೋನಿಯ ಆ ಸಾಲಿನ ಮನೆಗಳ ಕೇಕುಗಳೆಲ್ಲ ವಸಂತಿಯವರ ಬಾಯಿಮಾತಿನಿಂದಲೇ ಅವಳಿಗೆ ಬರುತ್ತಿದ್ದವು. ಅವರು ಮುನಿಸಿಕೊಂಡರೆ ಅವಳ ಓವನ್ ಅಟ್ಟ ಸೇರಬೇಕು. ಆದರೂ ಎದ್ದು, ಚಾಕು ತೊಳೆದುಕೊಂಡು ಮೇಲಿನ ಕ್ರೀಮನ್ನೆಲ್ಲ ಕೆರೆದಳು. ಬಿಳಿ ಕ್ರೀಮು ಮತ್ತೆ ಕಡೆದು ಬಳಿದು, ಟೂಟಿ ಫ್ರೂಟಿ ಉದುರಿಸಿ ಮೇಲೆ ಹೊತ್ತೊಯ್ದಳು.

"ಇದೇನು ಸುಮಿತ್ರಾ, ಇಷ್ಟು ಬೋಳು?" ವಸಂತಿ ಬಾಗಿಲಲ್ಲೇ ಕೇಳಿದರು. "ಪುಟ್ಟಿ ಸ್ಕೂಲಲ್ಲೆಲ್ಲ ಗೋಲ್ಡನ್ ಕೇಕು ಅಂತ ಸಾರ್ಕೊಂಡು ಬಂದಿದಾಳೆ."

"ಆ ಪುಡಿ ತಿನ್ನೋದಲ್ಲ ಅಕ್ಕ. ಪ್ಲಾಸ್ಟಿಕ್ಕಿನ ಥರ, ಕರಗೋಲ್ಲ. ಜಗನ್ನಾಥರ ಮನೆ ಕೇಕಿಗೂ ಹಾಕ್ಬಿಟ್ಟಿದ್ದೆ. ಗೊತ್ತಿರಲಿಲ್ಲ."

"ಮಾರ್ಕೆಟ್ಟಲ್ಲಿ ಎಲ್ಲರೂ ಹಾಕ್ತಾರಮ್ಮ. ನೀನೊಬ್ಬಳೇ ಏನು ಡಾಕ್ಟರಾ?"

"ಹಂಸಿನಿಗೆ ಕೊಡೋಕಾಗದ್ದನ್ನ ನಿಮ್ಮ ಪುಟ್ಟಿಗೆ ಹೇಗೆ ಕೊಡ್ಲಿ?"

ವಸಂತಿ ಒಳಗೆ ತಿರುಗಿ ಮಗನಿಗೆ ಹೇಳಿದರು: "ಚಲೋ, ಬೇಕರಿಯಿಂದ ಹೊಳೆಯೋದೇ ಒಂದು ತಗೊಂಡು ಬಾ." ಆಮೇಲೆ ಇವಳಿಗೆ, "ಅಚ್ಛಾ, ಇದನ್ನ ಅಲ್ಲಿಟ್ಟು ಹೋಗು. ನಾಳೆ ಕೆಲಸದವಳಿಗೆ ಕೊಟ್ರಾಯ್ತು."

ಟ್ಯೂಬ್‌ಲೈಟಿನ ಬೆಳಕಿಗೆ ಕೇಕಿನ ಅಂಚಿನಲ್ಲಿ ಅಲ್ಲಲ್ಲಿ ಚಿನ್ನದ ಚುಕ್ಕೆ ಮಿನುಗಿತು. ಎಷ್ಟು ಕೆರೆದರೂ ಪೂರ್ತಿ ಬಿಟ್ಟಿರಲಿಲ್ಲ.

"ಬೇಡ ಅಕ್ಕ," ಎಂದಳು ಸುಮಿತ್ರಾ. "ಅವಳಿಗೂ ಮಕ್ಕಳಿದಾವೆ."

ಕೇಕನ್ನು ವಾಪಸು ಎತ್ತಿಕೊಂಡು, ಗೋಡೆಗೆ ಮೊಣಕೈ ಆನಿಸುತ್ತ ಮೆಟ್ಟಿಲಿಳಿದಳು. ಹಂಸಿನಿಗೆ ಸಿಗದ ಹಾಗೆ ಅದನ್ನು ಮೇಲಿನ ಕಪಾಟಿನಲ್ಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಚಪ್ಪಲಿ ಮೆಟ್ಟಿದಳು.

"ಇನ್ನೆಲ್ಲಿಗೆ?" ಅಂದ ತಿಪ್ಪೇಸ್ವಾಮಿ.

"ಜಗನ್ನಾಥರ ಮನೆಗೆ. ಅವರಿಗೂ ಹೇಳ್ಬೇಕಲ್ಲ."