ಎರಡು ಸಲವೂ ಕಿಟಕಿ ಪಕ್ಕ

ಚಳಿಗಾಲದ ರಜೆಗೆ ಮನೆಮಂದಿಯೆಲ್ಲ ಆಲ್ಪ್ಸ್ ಪರ್ವತದ ರೈಲು ಹತ್ತುವುದೆಂದು ನಿಶ್ಚಯವಾದದ್ದೇ, ಬೆಟ್ಟದ ಬುಡದ ಕೂರ್ ಪಟ್ಟಣದ ಅವರ ಅಡುಗೆಮನೆಯಲ್ಲಿ ಗದ್ದಲವೋ ಗದ್ದಲ. ಬಾರ್ಲಿ ಸೂಪು ಆರುತ್ತಿದ್ದರೂ ಯಾರಿಗೂ ಪರಿವೆಯಿಲ್ಲ. ಅದೇ ಮಾರ್ಗದಲ್ಲಿ ಮೂವತ್ತೊಂದು ವರ್ಷ ರೈಲು ಓಡಿಸಿ ನಿವೃತ್ತನಾಗಿದ್ದ ಗಿಯೇರಿ ಅಜ್ಜ ಸುರಂಗ, ತಿರುವುಗಳನ್ನೆಲ್ಲ ಬಾಯಿಪಾಠ ಒಪ್ಪಿಸುತ್ತ ಬೀಗುತ್ತಿದ್ದ.

ಸೀಟು ಕಾದಿರಿಸಲು ಕೂತಿದ್ದ ಮೊಮ್ಮಗಳು ಲಡೀನಾ ಕೇಳಿದಳು: “ಅಜ್ಜಾ, ಯಾವ ಕಡೆ ಕೂತ್ರೆ ಚೆನ್ನಾಗ್ ಕಾಣುತ್ತೆ? ಎಡಗಡೆನಾ, ಬಲಗಡೆನಾ?”

ಗಿಯೇರಿ ಪೆಚ್ಚಾದ. “ಗೊತ್ತಿಲ್ಲ ಕಣೇ.”

“ಅಯ್ಯೋ, ಮೂವತ್ತೊಂದು ವರ್ಷ ಏನ್ ನೋಡ್ತಿದ್ದೆ ಮತ್ತೆ?”

“ಹಳಿ! ಸಿಗ್ನಲ್ಲು! ಅಕ್ಕಪಕ್ಕ ನೋಡ್ತಾ ಕೂತಿದ್ರೆ ಜನ ಎಲ್ಲಾ ಕಣಿವೇಲಿರ್ತಿದ್ರು!”

ಮನೆಯೆಲ್ಲ ಘೊಳ್ಳೆಂದಿತು. ಅಜ್ಜ ಮಾತ್ರ ನಗದೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡ.

“ಹೋಗ್ತಾ ಒಂದು ಕಡೆ ನೋಡ್ತೀನಿ, ಬರ್ತಾ ಇನ್ನೊಂದು ಕಡೆ. ಎರಡು ಸಲಾನೂ ಕಿಟಕಿ ನಂದೇ. ಯಾರಾದ್ರೂ ತಕರಾರು ತೆಗೀರಿ, ನೋಡ್ಕೋತೀನಿ!”