ಹಾಡು ಎತ್ತಿಕೊಟ್ಟವರು

ನನ್ನ ಗಂಡನ ಗಂಟಲಲ್ಲಿ ಏನೋ ಇದೆ ಅಂತ ಮೊದಲು ಗೊತ್ತಾಗಿದ್ದು ನನಗೆ. ಡಾಕ್ಟರಿಗಿಂತ ಮೊದಲು, ಅವರಿಗಿಂತಲೂ ಮೊದಲು. ಬೆಳಿಗ್ಗೆ ಕಾಫಿ ಕೇಳುವಾಗ 'ತನುಜಾ' ಅನ್ನುವ ನನ್ನ ಹೆಸರಿನ ಕೊನೆ ಅವರ ಬಾಯಲ್ಲಿ ಹರಿದುಹೋಗತೊಡಗಿತ್ತು. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರುಗಳ ಹೊಗೆ ಕುಡಿದು ಹೀಗಾಗಿರಬೇಕು ಅಂದುಕೊಂಡೆ. ಉಪ್ಪುನೀರು, ಅರಿಶಿನದ ಹಾಲು, ಜ್ಯೇಷ್ಠಮಧು ಎಲ್ಲ ಆಯಿತು. ಹೆಸರು ಹರಿಯುವುದು ನಿಲ್ಲಲಿಲ್ಲ.

ವಾರವಿಡೀ ಕೆರೆಯುತ್ತಿದ್ದ ಆ ಗಂಟಲು ಭಾನುವಾರ ಚರ್ಚಿನಲ್ಲಿ ಮೈಕ್ ಹಿಡಿದರೆ ಮಾತ್ರ ಸರಿಯಾಗಿಬಿಡುತ್ತಿತ್ತು. ಉಳಿದವರು ಅದನ್ನು ದೇವರ ಕೃಪೆ ಅಂದರು. ನನಗೆ ಅದನ್ನು ಕಂಡೇ ಹೆದರಿಕೆ ಶುರುವಾಯಿತು. ಮನೆಗೆ ಬಂದು ಬಾಗಿಲು ಹಾಕಿದ ಕೂಡಲೇ ಅವರು ಕುತ್ತಿಗೆ ಹಿಡಿದುಕೊಂಡು ಗೋಡೆಗೆ ಒರಗುವುದನ್ನು ನೋಡುತ್ತಿದ್ದವಳು ನಾನೊಬ್ಬಳೇ.

ನಮ್ಮದು ಸಣ್ಣ ಚರ್ಚು. ಕಡೂರು, ಅಜ್ಜಂಪುರ, ಯಗಟಿಯ ಕಡೆಯಿಂದೆಲ್ಲ ಬಸ್ಸು ಹತ್ತಿ ಬರುವವರಿದ್ದಾರೆ. ಮುಂದೆ ನಿಂತು ಸಭೆಯಿಂದ ಹಾಡಿಸುವ ಕೆಲಸ ನನ್ನ ಗಂಡ ಜಯಶೀಲರದು. ಹಾಡಿಸುವುದು ಅಂತ ಹೆಸರಿಗೆ. ಹಾಡುತ್ತಿದ್ದವರು ಅವರೊಬ್ಬರೇ.

ಅವರಿಗಿಂತ ಮುಂಚೆ ಆ ಕೆಲಸ ಅಜ್ಜಂಪುರದ ಸುವಾರ್ತಮ್ಮಜ್ಜಿಯದು. ಬಗಲಲ್ಲಿ ಛತ್ರಿ ಸಿಕ್ಕಿಸಿಕೊಂಡು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದಳು. ಶ್ರುತಿ ಅನ್ನುವುದು ಅವಳ ಹತ್ತಿರ ಸುಳಿದಿರಲಿಲ್ಲ. ಹೊಲದ ಆಚೆ ಬದಿಯಲ್ಲಿರುವವರನ್ನು ಊಟಕ್ಕೆ ಕರೆಯುವಂಥ ಗಂಟಲು ಅವಳದು. ಕೂತಲ್ಲಿಂದಲೇ ಎದ್ದು ಮೊದಲ ಸಾಲು ಎತ್ತಿಕೊಡುವಳು. ಸಭೆ ಹಿಡಿದುಕೊಂಡ ಕೂಡಲೇ ತಾನು ಬಾಯಿ ಮುಚ್ಚಿ, ತಲೆ ತಗ್ಗಿಸಿ ಕೇಳುತ್ತ ನಿಲ್ಲುವಳು. ಹಾಡು ನಡುವೆ ಎಲ್ಲಾದರೂ ಎಡವಿದರೆ ಮತ್ತೆ ಎತ್ತುವಳು, ಮತ್ತೆ ಸುಮ್ಮನಾಗುವಳು. ಯಾಕಜ್ಜಿ ಪೂರ್ತಿ ಹಾಡಲ್ಲ ಅಂತ ನಾನು ಕೇಳಿದ್ದೆ.

"ಎತ್ಕೊಟ್ಟಾಯ್ತಲ್ಲ ಕಣೇ. ಇನ್ನು ಅದು ನಂದಲ್ಲ," ಅಂದಿದ್ದಳು.

ಆಮೇಲೆ ಜಯಶೀಲರು ಆಂಪ್ಲಿಫಯರ್ ತಂದರು. ತಂದರು ಅಂದರೆ, ಅಂಗಡಿಯಲ್ಲಿ ತಾವೇ ಕೂತು ಜೋಡಿಸಿದರು. ಆಲ್ಟರ್ ಪೀಠದ ಎರಡೂ ಪಕ್ಕ ಸ್ಪೀಕರ್ ಬಂದವು. ಸುಳ್ಳು ಯಾಕೆ ಹೇಳಲಿ, ಮೊದಲ ಭಾನುವಾರ ನನ್ನ ಮೈ ಜುಮ್ಮೆಂದಿತ್ತು. ನಾನು ಮೆಚ್ಚಿ ಮದುವೆಯಾದದ್ದೇ ಆ ಧ್ವನಿಯನ್ನು. ಜನ ಹಾಡುವುದು ಬಿಟ್ಟು ಕಣ್ಣುಮುಚ್ಚಿ ಕೇಳಿದರು. ಸ್ವಲ್ಪ ದಿನಕ್ಕೆ ಕಣ್ಣು ತೆರೆದು ಮೊಬೈಲ್ ಎತ್ತಿದರು. ಆರಾಧನೆ ಫೇಸ್‌ಬುಕ್ಕಿನಲ್ಲಿ ಲೈವ್ ಹೋಗತೊಡಗಿತು. ಕಡೂರಿನವರು ಬಸ್ ಚಾರ್ಜು ಉಳಿಯಿತು ಅಂತ ನಕ್ಕರು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನ ಗಂಡ ಅಜ್ಜಿಯ ಬೆಂಚಿನ ಹತ್ತಿರ ಬಂದು ಬಗ್ಗಿದರು. ಬಹಳ ಮರ್ಯಾದೆಯಿಂದಲೇ ಹೇಳಿದರು. ಅವರಿಗೆ ಒರಟು ಮಾತು ಬರುವುದಿಲ್ಲ.

"ಅಜ್ಜಿ, ನಿಮ್ಮ ಧ್ವನಿ ಮೈಕಿಗೆ ಬೀಳ್ತದೆ. ಲೈವಲ್ಲಿ ಅದೇ ಎದ್ದು ಕೇಳ್ಸುತ್ತೆ. ಸ್ವಲ್ಪ ಒಳಗೊಳಗೇ ಹಾಡ್ಕೊಳ್ಳಿ ಆಯ್ತಾ?"

"ಆಗ್ಲಪ್ಪಾ," ಅಂದಳು ಅಜ್ಜಿ. ಛತ್ರಿ ಎತ್ತಿಕೊಂಡು ಬಸ್ಸಿಗೆ ಹೋದಳು.

ಮುಂದಿನ ವಾರದಿಂದ ಅಜ್ಜಿ ಹಾಡಲಿಲ್ಲ. ಅವಳ ಪಕ್ಕದಲ್ಲೇ ಕೂರುತ್ತಿದ್ದವಳು ನಾನು, ಅದಕ್ಕೇ ಗೊತ್ತು. ತುಟಿ ಮಾತ್ರ ಆಡುತ್ತಿತ್ತು. ಒಂದಕ್ಷರವೂ ಬಿಡದೆ, ಪಲ್ಲವಿಯಿಂದ ಕೊನೆಯ ಚರಣದವರೆಗೆ ತುಟಿ ಆಡುತ್ತಿತ್ತು, ಸದ್ದಿಲ್ಲ. ಅದನ್ನು ನೋಡಲಾರದೆ ಗಂಡನ ಹತ್ತಿರ ಹೇಳಿದೆ. "ಕೇಳಿದ್ದಕ್ಕೆ ಒಪ್ಕೊಂಡ್ರಲ್ಲ, ನೀನ್ಯಾಕೆ ದೊಡ್ಡದು ಮಾಡ್ತೀಯ," ಅಂದರು. ಅಜ್ಜಿ ಸುಮ್ಮನಾದ ಮೇಲೆ ಅವಳ ಬೆಂಚು ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚು. ಹೀಗೆ ಸಾಲುಸಾಲಾಗಿ ಚರ್ಚು ಬಾಯಿ ಮುಚ್ಚುತ್ತ ಬಂದದ್ದು ಸ್ಪೀಕರಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ.

ಹೀಗೇ ಒಂದು ವರ್ಷ ಕಳೆಯಿತು. ಕ್ರಿಸ್‌ಮಸ್ ಆದ ಮೇಲಿನ ಚಳಿಯಲ್ಲಿ ಸುವಾರ್ತಮ್ಮಜ್ಜಿ ತೀರಿಕೊಂಡಳು. ತರೀಕೆರೆಯ ನಮ್ಮ ಸಭೆಯ ಸ್ಮಶಾನಕ್ಕೇ ತಂದು ಮಣ್ಣು ಮಾಡಿದೆವು. ಅಲ್ಲಿಯೂ ನನ್ನ ಗಂಡ ಹಾಡಿದರು. ಎಲ್ಲರೂ ಅತ್ತರು, ಯಾರೂ ಹಾಡಲಿಲ್ಲ.

ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸ ಶುರುವಾಗುವ ಮುಂಚೆ ಅವರನ್ನು ಎಳೆದುಕೊಂಡೇ ಶಿವಮೊಗ್ಗಕ್ಕೆ ಹೋದೆ. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಯ ಮೇಲೆ ಒಂದು ಗಂಟು. "ಬೇಗ ತೆಗೀಬೇಕು, ತೆಗೆದು ಟೆಸ್ಟಿಗೆ ಕಳಿಸ್ಬೇಕು. ಅಲ್ಲೀವರ್ಗೂ ಮಾತೇ ಬೇಡ, ಹಾಡಂತೂ ಬೇಡವೇ ಬೇಡ. ಇದನ್ನ ಹೀಗೇ ಬಿಟ್ರೆ ಧ್ವನಿಯೊಂದೇ ಹೋಗಲ್ಲ," ಅಂದರು. ಇನ್ನೇನು ಹೋಗುತ್ತೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

"ಈಸ್ಟರ್ ಆಗ್ಲಿ. ಮಾರನೇ ದಿನವೇ ಅಡ್ಮಿಟ್ ಆಗ್ತೀನಿ," ಅಂದರು ಜಯಶೀಲರು.

"ಈಸ್ಟರಿಗೆ ಬೇರೆ ಯಾರೂ ಹಾಡಲ್ವಾ?"

"ಯಾರಿದಾರೆ ಹೇಳು. ನಾನು ಬಿಟ್ರೆ ಯಾರಿದಾರೆ?"

ನನಗೆ ಸಿಟ್ಟು ನೆತ್ತಿಗೇರಿತು. ನೀವು ದೇವರಿಗೆ ಹಾಡ್ತಿಲ್ಲ, ಮೈಕಿಗೆ ಹಾಡ್ತಿದೀರಿ ಅಂದುಬಿಟ್ಟೆ. ಬಸ್ಸಿನಲ್ಲಿ ತರೀಕೆರೆ ಬರುವವರೆಗೂ ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. 

ಚರ್ಚಿನ ಅಯ್ಯನವರ ಹತ್ತಿರ ಹೋಗಿ ಕೈಮುಗಿದೆ. ನೀವಾದರೂ ಅವರು ಹಾಡುವುದನ್ನು ನಿಲ್ಲಿಸಿ ಅಂದೆ. ಅಯ್ಯನವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. "ಅವರಾಗೇ ಇಳೀಲಿ ಅಂತ ಕಾಯ್ತಿದೀನಿ ಕಣಮ್ಮ. ನಾನು ಮೈಕ್ ಕಿತ್ಕೊಂಡ್ರೆ ನಾಳೆ ಹಾಡೋರ್ಯಾರು?" ಅಂದರು. ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಕಾಯುತ್ತ ಕೂತಿದ್ದೆವು.

ಶುಭ ಶುಕ್ರವಾರ ನನ್ನ ಗಂಡ ಮಧ್ಯಾಹ್ನವಿಡೀ ಹಾಡಿದರು. ಅಂದಿನಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ. ಜನ ಬಿಕ್ಕಿಬಿಕ್ಕಿ ಅತ್ತರು. ನಾನು ಮಾತ್ರ ಬೆಂಚಿನ ಅಂಚು ಹಿಡಿದುಕೊಂಡು, ಸಾಕು ಮಾಡಪ್ಪಾ ಸಾಕು ಮಾಡು ಅಂತ ದೇವರನ್ನು ಕೇಳುತ್ತಿದ್ದೆ. ಮನೆಗೆ ಬಂದು ಬಚ್ಚಲಲ್ಲಿ ಉಗುಳಿದವರು ಬೇಗ ಬೇಗ ನೀರು ಹೊಯ್ದರು. ನಾನು ನೋಡಿಬಿಟ್ಟಿದ್ದೆ. ನೋಡಿದೆ ಅನ್ನುವುದು ಅವರಿಗೂ ತಿಳಿಯಿತು. ಇಬ್ಬರೂ ಗಂಜಿ ಕುಡಿದೆವು.

ಈಸ್ಟರ್ ದಿನ ಸೂರ್ಯ ಹುಟ್ಟುವ ಮೊದಲೇ ಸ್ಮಶಾನದಲ್ಲಿ ಆರಾಧನೆ ಮಾಡುವುದು ನಮ್ಮಲ್ಲಿ ಪದ್ಧತಿ. ಗೋರಿಗಳಿಗೆಲ್ಲ ಸುಣ್ಣ ಹೊಡೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಕಾಯುತ್ತೇವೆ. ಬೆಳಕು ಹರಿಯುತ್ತಿದ್ದಂತೆ ಯೇಸು ಗೋರಿಯಿಂದ ಎದ್ದ ಹಾಡು ಏಳಬೇಕು. ಆ ದಿನ ಗಾಳಿ ಜೋರಾಗಿತ್ತು. ಹಚ್ಚಿದ ಬತ್ತಿಗಳೆಲ್ಲ ಆರಿಹೋಗುತ್ತಿದ್ದವು, ಮತ್ತೆ ಹಚ್ಚುತ್ತಿದ್ದೆವು. ಬ್ಯಾಟರಿ ಸ್ಪೀಕರ್ ಇಡಲು ಸಮತಟ್ಟಾದ ಜಾಗ ಹುಡುಕುತ್ತ ನನ್ನ ಗಂಡ ಸುವಾರ್ತಮ್ಮಜ್ಜಿಯ ಗೋರಿಯ ಪಕ್ಕ ಬಂದು ನಿಂತರು. ಅದರ ಮಣ್ಣು ಇನ್ನೂ ಕುಳಿತಿರಲಿಲ್ಲ. ಮರದ ಶಿಲುಬೆ ಒಂದು ಕಡೆಗೆ ವಾಲಿತ್ತು. ಅಲ್ಲಿ ಬೇಡ ಅಂತ ಕಣ್ಣಲ್ಲೇ ಹೇಳಿದೆ. ಅವರು ನನ್ನ ಕಡೆ ನೋಡಲಿಲ್ಲ.

ಮೂಡಲಲ್ಲಿ ಬಿಳುಪು ಕಂಡಿತು. ಅಯ್ಯನವರು ತಲೆ ಆಡಿಸಿದರು. ಜನ ಮೊಬೈಲ್ ಎತ್ತಿ ಹಿಡಿದರು. ಜಯಶೀಲರು ಮೊದಲ ಸಾಲು ಹಾಡಿದರು. ಎರಡನೆಯ ಸಾಲಿನ ನಡುವೆ ಸ್ಪೀಕರಿನಿಂದ ತಗಡು ಎಳೆದಂಥ ಸದ್ದು ಬಂತು. ಆಮೇಲೆ ಏನೂ ಬರಲಿಲ್ಲ.

"ವೈರ್ ಹೋಯ್ತು ಅನ್ಸುತ್ತೆ, ನೋಡ್ರೋ," ಅಂತ ಹಿಂದಿನಿಂದ ಯಾರೋ ಕೂಗಿದರು.

ನನ್ನ ಗಂಡನೂ ಹಾಗೇ ಅಂದುಕೊಂಡರು. ಜೀವಮಾನವೆಲ್ಲ ವೈರಿನ ಕೆಲಸ ಮಾಡಿದವರಲ್ಲವೇ? ಬಗ್ಗಿ ಪಿನ್ ಕಿತ್ತು ಮತ್ತೆ ಸಿಕ್ಕಿಸಿದರು. ವಾಲ್ಯೂಮ್ ತಿರುಗಿಸಿದರು. ಎದ್ದು ನಿಂತು ಬೆರಳಿನಿಂದ ಮೈಕ್ ತಟ್ಟಿದರು.

ಧಡ್, ಧಡ್ ಅಂತ ಸ್ಮಶಾನಕ್ಕೆಲ್ಲ ಕೇಳಿಸಿತು. ಮೈಕಿಗೆ ಏನೂ ಆಗಿರಲಿಲ್ಲ.

ಅವರ ಮುಖದ ಬಣ್ಣ ಇಳಿದದ್ದನ್ನು ಆ ಮಬ್ಬಿನಲ್ಲೂ ಕಂಡೆ. ಬಾಯಿ ತೆರೆದರು. ಕುತ್ತಿಗೆಯ ನರ ಉಬ್ಬಿತು. ಗಾಳಿ ಬಿಟ್ಟರೆ ಇನ್ನೇನೂ ಹೊರಡಲಿಲ್ಲ. ಆಗ ಸಭೆಯ ಕಡೆ ಎರಡೂ ಕೈ ಚಾಚಿದರು, ನೀವು ಹಾಡಿ, ನೀವಾದರೂ ಹಾಡಿ ಅಂತ. ಎಲ್ಲರಿಗೂ ಬರುವ ಹಾಡು ಅದು, ಹುಟ್ಟಿದಾಗಿನಿಂದ ಕೇಳಿದ ಹಾಡು. ಯಾರೂ ಬಾಯಿ ಬಿಡಲಿಲ್ಲ. ಮೊಬೈಲುಗಳು ಎತ್ತಿದ ಹಾಗೇ ಇದ್ದವು. ಅಯ್ಯನವರು ಪುಸ್ತಕದ ಹಾಳೆ ತಿರುವುತ್ತ ನಿಂತರು. ನನ್ನ ಗಂಡನ ಕೈ ಇನ್ನೂ ಚಾಚಿಯೇ ಇತ್ತು. ಒಬ್ಬೊಬ್ಬರಾಗಿ ಜನ ಅವರನ್ನು ಬಿಟ್ಟು ಪಕ್ಕದ ಗೋರಿಯ ಕಡೆ ನೋಡತೊಡಗಿದರು.

ನನಗೆ ಹೆದರಿಕೆಯಾಯಿತು, ನಾಚಿಕೆಯಾಯಿತು, ಎಲ್ಲರ ಮೇಲೂ ಕೆಟ್ಟ ಕೋಪ ಬಂತು. ಆ ಕೋಪದಲ್ಲೇ ಬಾಯಿ ಬಿಟ್ಟೆ. ನನಗೆ ಹಾಡಲು ಬರುವುದಿಲ್ಲ. ನನ್ನ ಧ್ವನಿ ಎಲ್ಲೋ ಮೇಲೆ ಹೋಗಿ ಸಿಕ್ಕಿಹಾಕಿಕೊಂಡಿತು. ಮೊದಲ ಸಾಲು ಹೇಗೋ ದಾಟಿದೆ. ಎರಡನೆಯದಕ್ಕೆ ಉಸಿರು ಸಾಲದೆ ನಿಂತಾಗ ಯಗಟಿಯ ದ್ಯಾವಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಆ ಸಾಲು ಹಿಡಿದುಕೊಂಡಳು. ಆಮೇಲೆ ಅವಳ ಹಿಂದೆ ಇನ್ಯಾರೋ. ತಾಳವಿಲ್ಲ, ಶ್ರುತಿಯಿಲ್ಲ, ಒಬ್ಬರು ಮುಂದೆ, ಒಬ್ಬರು ಹಿಂದೆ. ಒಂದೊಂದೇ ಮೊಬೈಲು ಕೆಳಗಿಳಿಯಿತು.

ಎತ್ತಿಕೊಟ್ಟಾಗಿತ್ತು. ನಾನು ಸುಮ್ಮನಾಗಿ ಗಂಡನ ಹತ್ತಿರ ಹೋದೆ.

ಅವರು ಮೈಕನ್ನು ಗೋರಿಯ ಮಣ್ಣಿನ ಮೇಲೆ ಇಟ್ಟು, ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದರು. ಮುಷ್ಟಿಯಲ್ಲಿ ಕರವಸ್ತ್ರ ಬಿಗಿಹಿಡಿದಿದ್ದರು. ನಾನು ಬಿಡಿಸಿಕೊಂಡೆ, ಅದು ಒದ್ದೆಯಾಗಿ ಕೆಂಪಾಗಿತ್ತು. ಈಗಲೇ ಹೊರಡೋಣ, ಶಿವಮೊಗ್ಗಕ್ಕೆ, ಈಗಲೇ ಅಂದೆ. ಅವರು ತಲೆಯಾಡಿಸಿದರು, ಆದರೆ ಏಳಲಿಲ್ಲ. ಹಾಡು ಮುಗಿಯಲಿ ಅಂತ ಕೈಸನ್ನೆ ಮಾಡಿದರು. ನಾನೂ ಪಕ್ಕದಲ್ಲಿ ಕೂತೆ.

ಸಭೆ ಹಾಡುತ್ತಿತ್ತು. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ತುಟಿ ಆಡುತ್ತಿತ್ತು, ಒಂದಕ್ಷರವೂ ಬಿಡದೆ, ಸದ್ದಿಲ್ಲದೆ. ಸುವಾರ್ತಮ್ಮಜ್ಜಿಯ ಪಕ್ಕ ಕೂತು ಒಂದು ವರ್ಷ ನಾನು ನೋಡಿದ್ದ ತುಟಿ ಅದೇ.